ದುರ್ಗಕ್ಕ ತೊಳೆದ ತತ್ತಿಗಳು

ವಡ್ಡು ಊರಿನಲ್ಲಿ ಏನನ್ನೂ ತೊಳೆಯದೆ ಬಳಸುವಂತಿಲ್ಲ. ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳು ತಾಟಿನ ಮೇಲೆ, ಹಾಸಿಗೆಯ ಮೇಲೆ, ಒಣಹಾಕಿದ ಸೀರೆಯ ಮೇಲೆ ಬಂದು ಕೂರುತ್ತದೆ. ಸೊಸೆಯಾಗಿ ಬಂದ ದಿನದಿಂದ ದುರ್ಗಕ್ಕನ ಕೈ ತೊಳೆಯುತ್ತಲೇ ಇದೆ.

ಈ ವರ್ಷ ತವರೂರು ಬುಕ್ಕಸಾಗರದಲ್ಲಿ ಅವಳ ತಾಯಿ ತೀರಿಕೊಂಡಳು. ಚೊಚ್ಚಲ ಬಾಣಂತನ ಮುಗಿಸಿ ಹೊರಟಾಗ ತಾಯಿ ಒಂದು ನಾಟಿ ಕೋಳಿ ಕೊಟ್ಟು ಕಳಿಸಿದ್ದಳು. ತವರಿನದೆಂದು ಉಳಿದದ್ದು ಆ ಕೋಳಿಯ ಸಂತತಿ ಮಾತ್ರ. ತಾಯಿಯ ಮಣ್ಣು ಮುಗಿಸಿ ಬಂದ ವಾರದಲ್ಲೇ, ಕಾವಿಗೆ ಕೂರಬೇಕಿದ್ದ, ಮನೆಯಲ್ಲಿ ಉಳಿದಿದ್ದ ಆ ತಳಿಯ ಒಂದೇ ಕೋಳಿ ಲಾರಿಯ ಗಾಲಿಗೆ ಸಿಕ್ಕಿತು. ಪುಟ್ಟಿಯಲ್ಲಿ ಅದರ ತತ್ತಿಗಳಷ್ಟೇ ಉಳಿದವು.

ಗಂಡ ಗಾದಿಲಿಂಗಪ್ಪ ಒಂದು ಥರ್ಮಾಕೋಲ್ ಡಬ್ಬಿ ತಂದ. ಎಲ್‌ಇಡಿ ಬಲ್ಬು ಬಿಸಿಯಾಗುವುದಿಲ್ಲವೆಂದು ಹಳೆಯ ಗುಂಡು ಬಲ್ಬು ಹುಡುಕಿ ಕಟ್ಟಿದ. ಬಿಸಿ ನೋಡಲು ಥರ್ಮಾಮೀಟರ್, ತೇವಕ್ಕೆ ಒಂದು ಬಟ್ಟಲು ನೀರನ್ನೂ ಒಳಗಿಟ್ಟ. ದುರ್ಗಕ್ಕ ಒಂದೊಂದೇ ತತ್ತಿಯನ್ನು ಧೂಳು ಹೋಗುವಂತೆ ನೀರಲ್ಲಿ ಉಜ್ಜಿ, ಫಳಫಳ ಹೊಳೆಸಿ ಅದರಲ್ಲಿ ಇಟ್ಟಳು.

ಮೂರು ವಾರ ಕಳೆಯಿತು. ಮರಿಯ ಚಿಂವ್‌ಚಿಂವ್ ಸದ್ದಿಲ್ಲ. ಆಮೇಲೆ ವಾಸನೆ ಬಂತು. ಹಿತ್ತಿಲಲ್ಲಿ ಗುಂಡಿ ತೋಡಿ ಒಡೆದು ನೋಡಿದರೆ ಎಲ್ಲದರಲ್ಲೂ ಕಪ್ಪು ನೀರು.

"ಸೂತಕದ ಕೈಲೆ ಇಟ್ಟಿ, ಅದಕ್ಕ ಹಿಂಗಾತು," ಎಂದ ಗಾದಿಲಿಂಗಪ್ಪ. ದುರ್ಗಕ್ಕ ಗುಂಡಿ ಮುಚ್ಚಿದಳು. ಖಾಲಿ ಡಬ್ಬಿಯನ್ನು ಮೂಲೆಗೆ ಸರಿಸಿದಳು.

ಕೆಲವು ದಿನದ ಮೇಲೆ ಪಕ್ಕದ ಮನೆಯ ರೇಣುಕಾದೇವಿ ಸೆರಗಿನಲ್ಲಿ ತತ್ತಿ ಹಿಡಿದು ಬಂದಳು. ಇವಳು ಮಹಿಳಾ ಸಂಘದ ಪಶುಸಖಿ. ಊರಿನ ಕುರಿ-ಕೋಳಿಗಳ ಆರೈಕೆ ನೋಡುವವಳು.

"ಯಕ್ಕಾ, ಹೋದ ವರ್ಷ ಸಾಕಿ ಅರ್ಧ ಪಾಲು ಕೊಡು ಅಂತ ನನಗ ಒಂದು ಮರಿ ಕೊಟ್ಟಿದ್ದೆಲ್ಲ, ಅದು ತತ್ತಿ ಇಡಾಕತ್ತೈತಿ. ನಿಮ್ಮವ್ವನ ಕೋಳಿ ಸಂತಾನಾನ ಇದು. ತಗೋ."

ದುರ್ಗಕ್ಕ ಕೈ ಚಾಚಲಿಲ್ಲ. "ಬ್ಯಾಡವ್ವ. ನನ್ನ ಕೈ ಸರಿ ಇಲ್ಲ."

"ಆಮ್ಲೇಟ್ ಮಾಡ್ಕೊಂಡು ತಿನ್ನು ರೇಣುಕಾ, ನಿನಗರ ದಕ್ಕಲಿ," ಎಂದ ಗಾದಿಲಿಂಗಪ್ಪ. "ಸಾವಿನ ಮನ್ಯಾಗ ಮರಿ ಒಡಿಯಂಗಿಲ್ಲ."

"ಹೌದಾ ಮಾವಾ? ಕೋಳಿ ಬಂದು ನಿಮ್ಮ ಕಿವ್ಯಾಗ ಹೇಳಿತ್ತೇನು?" ರೇಣುಕಾ ತತ್ತಿಗಳನ್ನು ದುರ್ಗಕ್ಕನ ಮಡಿಲಿಗೆ ಸುರಿದೇಬಿಟ್ಟಳು.

ಅವುಗಳ ಮೇಲೂ ಕೆಂಧೂಳು. ದುರ್ಗಕ್ಕನ ಕೈ ತಾನಾಗಿ ಒಂದನ್ನು ಎತ್ತಿ ನೀರಿನ ಬಕೆಟ್ಟಿನತ್ತ ಹೋಯಿತು. ರೇಣುಕಾ ಮುಂಗೈ ಹಿಡಿದಳು.

"ಮೊದಲಿಟ್ಟ ತತ್ತೀನೂ ಹಿಂಗಾ ತೊಳದಿದ್ದೇನು?"

"ಹೊಲಸು ತತ್ತಿ ಹೆಂಗಿಡ್ಲಿ ಮತ್ತ?"

"ಅಲ್ಲೇ ತಪ್ಪಿದ್ದು ನೋಡಬೇ! ಸಿಪ್ಪಿ ತುಂಬ ಕಣ್ಣಿಗೆ ಕಾಣದ ತೂತು ಇರ್ತಾವು. ಅವನ್ನ ಮುಚ್ಚಾಕ ತತ್ತಿ ಮ್ಯಾಲ ಒಂದು ತೆಳ್ಳನ ಪದರ ಇರತೈತಿ. ನೀರು ಹಾಕಿ ಉಜ್ಜಿದ್ರ ಆ ಪದರ ಹೋಗತೈತಿ, ಹೊಲಸು ಒಳಗ ಇಳೀತೈತಿ. ಕೊಳೀದ ಏನಾದೀತು?"

ದುರ್ಗಕ್ಕ ಹಿತ್ತಿಲ ಗುಂಡಿಯ ಕಡೆ ನೋಡಿದಳು. "ಅಂದ್ರ ನಾನಾ ಕೊಂದೆ."

ರೇಣುಕಾ ಸುಳ್ಳು ಸಮಾಧಾನ ಹೇಳಲಿಲ್ಲ. "ಗೊತ್ತಿದ್ದು ಮಾಡ್ಲಿಲ್ಲಲ್ಲ ಯಕ್ಕಾ. ನಿಮ್ಮವ್ವನ ಸಾವಂತೂ ಕೊಲ್ಲಲಿಲ್ಲ. ಧೂಳನ್ನ ಒಣ ಬಟ್ಟಿಲೆ ಮೆಲ್ಲಗ ಒರಸು. ಹಿಕ್ಕಿ ಮೆತ್ತಿದ ತತ್ತಿ ಮರಿಗೆ ಇಡಬ್ಯಾಡ. ತೊಳಿಯೋ ಚಟ ಭಾಳ ಇದ್ರ, ತತ್ತಿ ಮುಟ್ಟೋ ಮುಂಚೆ ನಿನ್ನ ಕೈ ತೊಳ್ಕೋ!"

ಎಷ್ಟೋ ದಿನಗಳ ಮೇಲೆ ದುರ್ಗಕ್ಕನ ತುಟಿ ಕೊಂಚ ಸಡಿಲವಾಯಿತು.

ಹಾಗೇ ಇಟ್ಟರು. ಬಿಸಿ ಮೂವತ್ತೇಳು-ಮೂವತ್ತೆಂಟು ಡಿಗ್ರಿಯಲ್ಲೇ ಇರುವಂತೆ ನೋಡಿಕೊಂಡರು. ದಿನಕ್ಕೆ ಮೂರು ಸಲ ತತ್ತಿ ಹೊರಳಿಸಿದರು. ವಾರದ ಮೇಲೆ ರೇಣುಕಾ ಕತ್ತಲ ಕೋಣೆಯಲ್ಲಿ ತತ್ತಿಗೆ ಟಾರ್ಚ್ ಹಿಡಿದಳು. ಒಳಗೆ ಕೆಂಪು ಎಳೆಗಳು ಹರಡಿದ್ದವು.

"ಬೇರು ಬಿಟ್ಟಂಗ ಐತಲ್ಲಲೇ!" ಎಂದ ಗಾದಿಲಿಂಗಪ್ಪ. ಎಳೆ ಕಾಣದ ಎರಡನ್ನು ತೆಗೆದಿಟ್ಟರು. ಆಮೇಲೆ ಕರೆಂಟು ಹೋದಾಗಲೆಲ್ಲ ಡಬ್ಬಿಗೆ ತನ್ನ ಕಂಬಳಿ ಹೊದಿಸಿದವನು ಅವನೇ.

ಕೊನೆಯ ಮೂರು ದಿನ ಹೊರಳಿಸಲಿಲ್ಲ, ಮುಚ್ಚಳ ತೆರೆಯಲಿಲ್ಲ. ನಾಲ್ಕು ಮರಿ ಹೊರಬಂದವು. ಇನ್ನೊಂದು ಸಿಪ್ಪೆಗೆ ತೂತು ಮಾಡಿ ಒಳಗೇ ಕೂಗುತ್ತಿತ್ತು. ಸುಲಿಯಲು ದುರ್ಗಕ್ಕನ ಬೆರಳು ತುಡಿದವು. ಸುಲಿದರೆ ಹಸಿ ನೆತ್ತರ ನಾಳ ಕಿತ್ತುಹೋಗುತ್ತದೆಂದು ರೇಣುಕಾ ಹೇಳಿದ್ದು ನೆನೆದು ಕೈ ಬಿಗಿಹಿಡಿದಳು. ಅದು ಹೊರಗೆ ಬರಲೇ ಇಲ್ಲ, ಸಿಪ್ಪೆಯೊಳಗೇ ಸತ್ತಿತು. ಅದನ್ನೂ ಹಿತ್ತಿಲಲ್ಲೇ ಮಣ್ಣು ಮಾಡಿದಳು.

ತಿರುಗಿ ಬಂದಾಗ ಗಾದಿಲಿಂಗಪ್ಪ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. "ದುರ್ಗಿ, ಸೂತಕ ಅಂದಿದ್ದು ನಂದಾ ತಪ್ಪು. ಬಾ, ನಿಮ್ಮವ್ವನ ಕೋಳಿ ಕರ್ಯಾಕತ್ತಾವು."

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣಂದಿರೇ, ಮರಿಗೆ ಇಡುವ ತತ್ತಿಗೆ ನೀರು ತಾಗಿಸಬೇಡಿ. ವಾರಕ್ಕಿಂತ ಹಳೆಯದನ್ನು ಇಡಬೇಡಿ. ಹುಟ್ಟಿದ ಮರಿಗಳಿಗೆ, ಕೋಳಿಗಳನ್ನು ಕೊಲ್ಲುವ ಕೊಕ್ಕರೆ ರೋಗದ ಲಸಿಕೆ ಯಾವಾಗ ಹಾಕಿಸಬೇಕೆಂದು ಪಶು ಆಸ್ಪತ್ರೆಯಲ್ಲಿ ಕೇಳಿ. ಒಂದು ವೇಳೆ ಮರಿ ಒಡೆಯದಿದ್ದರೆ ಕಾರಣ ಹುಡುಕಿ; ಮನೆಯ ಹೆಣ್ಣುಮಗಳ ಕೈಗೆ ಸಾವು ಅಂಟಿಸಬೇಡಿ. ದುರ್ಗಕ್ಕ ತೋಡಿದ ಗುಂಡಿ ನಿಮ್ಮ ಹಿತ್ತಿಲಿಗೆ ಬೇಡ.