ಅಜ್ಜನ ಸನದು

“ಓದ್ರಿ ಸಾಹೇಬ್ರ, ಸಾವಕಾಶ ಓದ್ರಿ,” ಎನ್ನುತ್ತ ದ್ಯಾವಪ್ಪ ಗಾಜು ಹಾಕಿಸಿದ ಚಿತ್ರವನ್ನು ಮೇಜಿನ ಮೇಲಿಟ್ಟ.

ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ. ನಿಜಾಮನ ಕಾಲದ ಹಕ್ಕುಗಳನ್ನೆಲ್ಲ ಜರಡಿ ಹಿಡಿಯಲು ಹೊಸ ಸಾಹೇಬರು ಸುರಪುರದ ಸೀಮೆಗೆ ಬಂದು, ಕೃಷ್ಣೆಯ ದಂಡೆಯ ಬೇವಿನ ಮರದಡಿ ಕ್ಯಾಂಪು ಹಾಕಿದ್ದರು. ಕಾಗದವಿದ್ದವನಿಗೆ ಹರಿಗೋಲು ನಡೆಸುವ ಹಕ್ಕು. ಇಲ್ಲದಿದ್ದರೆ ಹೊಳೆ ದಾಟಿಸುವ ಕಡವಿನ ಹರಾಜು ಅಂದೇ. ದ್ಯಾವಪ್ಪನಿಗೇನು ಚಿಂತೆ? ಅವನಜ್ಜ ಹೊಳೆ ದಾಟಿಸಿದ ಗೋರಾ ಸಾಹೇಬನೊಬ್ಬ ಅಜ್ಜನ ಚಿತ್ರ ಬರೆದು ವಿಲಾಯತಿಯಲ್ಲಿ ಅಚ್ಚು ಹಾಕಿಸಿದ್ದ. ಅದರ ಕೆಳಗಿನ ಎರಡು ಸಾಲು ಇಂಗ್ರೇಜಿಯೇ ಕಡವಿನ ಸನದು, ಹಕ್ಕುಪತ್ರ, ಎಂದು ಮನೆತನ ನಂಬಿತ್ತು. ಅದಕ್ಕೆ ಸುಟ್ಟ ಊದುಬತ್ತಿಯ ಬೂದಿ ಕೂಡಿಹಾಕಿದ್ದರೆ ಸುರಪುರದ ಗುಡ್ಡ ಆ ರಾಶಿಯ ಮುಂದೆ ಕಾಲುಮಣೆಯಾಗುತ್ತಿತ್ತು. ಓದಿದವರು ಮಾತ್ರ ಒಬ್ಬರೂ ಇರಲಿಲ್ಲ.

ಚಿತ್ರದಲ್ಲಿ ಅಜ್ಜ ಬತ್ತಲೆ, ತಲೆಗೆ ಗರಿ, ದಂಡೆಯಲ್ಲಿ ಎಮ್ಮೆಯಷ್ಟು ದೊಡ್ಡ ಹುಲಿ.

“ಧೋತರ ಎಲ್ಲೈತೋ ಕಾಕಾ?” ಎಂದ ಗುಮಾಸ್ತ ದೇವಿಂದ್ರ.

“ಹುಲಿ ಕಣ್ಣಿಗಿ ಕಟ್ಯಾನ್ರಿ. ಅದು ದಿಕ್ಕ ತಪ್ಪಿ ಯಾದಗಿರಿ ತನಕಾ ಓಡೇದ.”

ನೆರೆದ ಊರು ನಕ್ಕ ನಗೆಗೆ ಹೊಳೆಯ ಕೊಕ್ಕರೆಗಳೆಲ್ಲ ಎದ್ದುಹೋದವು. ದೇವಿಂದ್ರ ನಗುತ್ತಲೇ ಕೆಳಗಿನ ಸಾಲಿಗೆ ಕಣ್ಣು ಹಾಕಿದ. ಅವನ ನಗೆ ನಿಂತಿತು.

“ಏನ್ ಬರದದ್ರಿ?”

“ಬ್ಯಾಡ ಬಿಡು, ಕಾಕಾ.”

“ಓದಿ,” ಎಂದರು ಸಾಹೇಬರು.

ದೇವಿಂದ್ರ ಕನ್ನಡ ಮಾಡಿ ಓದಿದ: “ಹೆಸರಿಲ್ಲದ ಕಾಡುಮನುಷ್ಯ. ಈ ಸೀಮೆಯವರಿಗೆ ದೋಣಿ ಎಂದರೇನೆಂದು ಗೊತ್ತಿಲ್ಲ; ಬುಟ್ಟಿಯಲ್ಲಿ ಕುಳಿತು ತೇಲುತ್ತಾರೆ.”

“ಬುಟ್ಟಿ ಅಲ್ರಿ, ಹರಗೋಲ,” ಎಂದ ದ್ಯಾವಪ್ಪ. “ಅಲ್ಲೇ ಕಟ್ಟೀನಿ, ನೋಡ್ರಿ. ಮೂರು ತಲಿಯಿಂದ ಮಂದಿ ದಾಟಸಾಕತ್ತೀವಿ. ಅಜ್ಜನ ಹೆಸರ ಹುಲಗಪ್ಪ. ಅಷ್ಟರ ಬರಕೊಳ್ರಿ.”

“ಅಚ್ಚಾಗಿರೋದು ಬಿಟ್ಟು ನಾನೇನು ಬರೆಯಲಿ?” ಸಾಹೇಬರ ದನಿಯಲ್ಲಿ ಸಿಟ್ಟಿರಲಿಲ್ಲ. “ದೋಣಿಯೇ ಇರಲಿಲ್ಲ ಅಂತ ನೀನೇ ದಾಖಲೆ ತಂದಿದ್ದೀಯ.”

ದ್ಯಾವಪ್ಪ ಚಿತ್ರದ ಗಾಜನ್ನು ಧೋತರದ ತುದಿಯಿಂದ ಒರೆಸಿ ಕಂಕುಳಿಗೆ ಸೇರಿಸಿದ.

ಬೀಡಿ ಸೇದುವಷ್ಟರಲ್ಲಿ ಹರಾಜು ಮುಗಿದು, ಕಡವು ಶಹಾಪುರದ ಗುತ್ತಿಗೆದಾರನ ಪಾಲಾಯಿತು. ಮರಳಲ್ಲಿ ಹೆಂಡತಿ ಮಾನಮ್ಮ ಕಾಯುತ್ತಿದ್ದಳು.

“ಏನಂದ್ರು?”

“ಅಜ್ಜನ ಹೆಸರ ಕೇಳಿದ್ರು,” ಎಂದ ದ್ಯಾವಪ್ಪ.

ಆಚೆ ದಂಡೆಯಿಂದ ಹೆಣ್ಣುಮಗಳೊಬ್ಬಳು ಹರಿಗೋಲು ತರಲೆಂದು ಅವನ ಹೆಸರು ಹಿಡಿದು ಕೂಗಿದಳು. ಸ್ವಲ್ಪ ತಡೆದು ಮತ್ತೊಮ್ಮೆ ಕೂಗಿದಳು. ಅವನು ಕದಲಲಿಲ್ಲ. ಅವಳು ತಲೆಯ ಮೇಲಿನ ಗಂಟನ್ನು ಕೆಳಗಿಳಿಸಿ, ಅದಕ್ಕೊರಗಿ ಕೂತಳು.