ವ್ಯಾನಿಗೂ ಒಂದು ಎಸಳು

೧
ಗಾಡಿಯ ಕತೆಯನ್ನು ಎಲ್ಲಿಂದ ಸ್ಟಾರ್ಟ್ ಮಾಡಬೇಕು? ಶೋರೂಮಿನಿಂದ ಎಂದುಕೊಂಡು ಎರಡು ಪುಟ ಬರೆದೆ. ಎ.ಸಿ.ಯ ತಂಪು, ಹೊಸ ಸೀಟಿನ ವಾಸನೆ, ಟೈ ಕಟ್ಟಿದವನು ತಂದಿಟ್ಟ ಕಾಫಿ. ಹರಿದು ಹಾಕಿದೆ. ಈ ಕತೆಯ ಸುಗಂಧಾ ಶೋರೂಮಿಗೆ ಹೋಗಿಯೇ ಇರಲಿಲ್ಲ. ಅವಳನ್ನು ಯಾರೂ ಕರೆದಿರಲಿಲ್ಲ. (ನಾನೂ.)

೨
ಹಾಗಾಗಿ ನಿಧಾನಕ್ಕೆ, ಅಂಕೋಲೆಯ ಬೊಬ್ರುವಾಡದ ಅವಳ ಅಂಗಳದಿಂದ. ಅಲ್ಲೊಂದು ಹಳೆಯ ವ್ಯಾನ್ ನಿಂತಿದೆ. ಉಪ್ಪುಗಾಳಿ ಅದರ ತಳವನ್ನು ತಿಂದಿದೆ. ತೂತು ಬಿದ್ದಲ್ಲಿ ತಗಡು ಹೊಡೆಸಿದ್ದಾರೆ. ಹಿಂದಿನ ಸೀಟು ಬಿಚ್ಚಿ ಜಗುಲಿಗೆ ಹಾಕಿದ್ದು, ಈಗ ಅದರ ಮೇಲೆ ಬೆಕ್ಕು ಮಲಗುತ್ತದೆ. ಸೀಟಿದ್ದ ಜಾಗದಲ್ಲಿ ಭಾನುವಾರ ಹರಿವೆ, ಬಸಳೆ, ಗೆಣಸಿನ ಚೀಲ. ಅವುಗಳ ಸಂದಿಯಲ್ಲಿ ಅವನ್ನು ಮಾರುವ ಶೆಟಗೇರಿಯ ಹೊನ್ನಮ್ಮ ಮತ್ತು ಗಂಗೆ. ಕಾರವಾರದ ಸಂತೆಗೆ ಓಡಿಸುವವಳು ಸುಗಂಧಾ.

ಅದನ್ನು ಕೊಟ್ಟು ಹೊಸದು ತರಬೇಕೆಂದು ಗಂಡ ಪುಂಡಲೀಕ, ಕಾಲೇಜಿಗೆ ಹೋಗುವ ಮಗಳು ರಕ್ಷಿತಾ ನಿಶ್ಚಯಿಸಿದ್ದರು. ಯಾವುದು ಎಂಬುದಷ್ಟೇ ಬಾಕಿ.

"ದೊಡ್ಡದೇ ಗಟ್ಟಿ. ಒಮ್ಮೆ ತಂದ್ರೆ ಮತ್ತೆ ಗ್ಯಾರೇಜಿನ ಮುಖ ನೋಡೂಕಿಲ್ಲ," ಪುಂಡಲೀಕ ಅಂದ.

"ಸಣ್ಣದಕ್ಕೆ ಫೀಚರ್ ಜಾಸ್ತಿ ಪಪ್ಪಾ. ಹಿಂದೆ ಕ್ಯಾಮೆರಾ, ಮೇಲೆ ಸನ್‌ರೂಫ್. ರಿವ್ಯೂ ಎಲ್ಲಾ ನೋಡಿದ್ದೆ."

"ಬಿಸಿಲು ನಂಗೆ ಬೇಕಾದಷ್ಟು ಅದೆ," ಒಳಗಿನಿಂದ ಸುಗಂಧಾ. "ಹೆಡ್‌ಲೈಟ್ ಒಡೆದ್ರೆ ಎಲ್ಲಿಂದ ತರ್ತಿರಿ?"

"ಶೋರೂಮಿನವ್ರು ಹುಬ್ಬಳ್ಳಿಂದ ತರಿಸ್ತ್ರು," ಪುಂಡಲೀಕ ಅಂದ.

"ವ್ಯಾನಿಂದು ಅಂಕೋಲೆ ಪೇಟೇಲೇ ಸಿಗ್ತದೆ."

"ವ್ಯಾನಿನ ಸುದ್ದಿ ಎಂತಕ್ಕೆ ಈಗ? ಅದು ಎಕ್ಸ್‌ಚೇಂಜಿಗೆ ಹೋಗೂದೇ."

"ಸಂತೆಗೆ?"

"ಹೊಸದ್ರಲ್ಲಿ ನಾ ಬಿಟ್ಟು ಬರ್ತೆ ಮಾರಾಯ್ತಿ."

"ಹೊಸ ಸೀಟಿನ ಮೇಲೆ ಹೊನ್ನಮ್ಮನ ಗೆಣಸು ಇಡೂಕೆ ಬಿಡ್ತಿರಾ?"

ಪುಂಡಲೀಕ ಚಾ ಕುಡಿದ.

೩
(ಇಲ್ಲಿಂದ ಎರಡು ಮುಕ್ತಾಯ ಬರೆದಿದ್ದೆ. ಮೊದಲನೆಯದರಲ್ಲಿ ವ್ಯಾನ್ ಹೋಗುತ್ತದೆ, ಖಾಲಿ ಅಂಗಳ ನೋಡಿ ಸುಗಂಧಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

"ನಾ ಅಳೂದಿಲ್ಲ," ಸುಗಂಧಾ ನನಗೇ ಅಂದಳು. "ಬೇಕಾದ್ರೆ ನೀವೇ ಅಳಿ."

ಎರಡನೆಯದರಲ್ಲಿ ಹೊಸ ಕಾರು ಹೆದ್ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ, ವ್ಯಾನ್ ಬಂದು ಅದನ್ನು ಎಳೆದೊಯ್ಯುತ್ತದೆ. ನನಗೆ ಬಹಳ ಹಿಡಿಸಿತ್ತು.

"ಸುಳ್ಳು ಬರೀಬೇಡಿ. ಕೆಡೂದು ನನ್ನ ವ್ಯಾನೇ. ಕೆಟ್ರೆ ಎಲ್ಲಿ ಕೆಟ್ಟದೆ ಅಂತ ನಂಗೆ ಗೊತ್ತಾಗ್ತದೆ, ಅಷ್ಟೇ."

ಎರಡನ್ನೂ ಹೊಡೆದು ಹಾಕಿದೆ. ಪಾತ್ರಗಳಿಗೆ ಇಷ್ಟು ಸದರ ಕೊಡಬಾರದಿತ್ತು.)

೪
ಅಪ್ಪ ಮಗಳ ಜಗಳ ಬಗೆಹರಿಯಲಿಲ್ಲ. ನಮ್ಮ ಕಡೆ ಹರಿಯದ್ದನ್ನು ದೇವರ ಮುಂದೆ ಇಡುತ್ತಾರೆ. ಕಲ್ಲಿನ ದೇವರ ಮೈಗೆ ಒದ್ದೆ ಹೂವಿನ ಎಸಳು ಹಚ್ಚಿ ಕಾಯುವುದು; ಯಾವುದು ಮೊದಲು ಬೀಳುತ್ತದೋ ಅದೇ ಪ್ರಸಾದ, ಅದೇ ಮಾತು. ಭಾನುವಾರ ಬೆಳಿಗ್ಗೆ ಎಲ್ಲರೂ ಗುಡಿಗೆ ಹೊರಟರು. ಹೊರಟದ್ದು ಆ ವ್ಯಾನಿನಲ್ಲೇ. ನನಗೂ ಜಾಗ ಕೊಟ್ಟರು.

ಗುಡಿಯ ಪೂಜಾರಿ ಗುನಗ ಬಲಕ್ಕೊಂದು ಎಸಳು ಹಚ್ಚಿದ, ದೊಡ್ಡ ಕಾರಿಗೆ. ಎಡಕ್ಕೊಂದು, ಸಣ್ಣದಕ್ಕೆ.

"ವ್ಯಾನಿಗೆ?" ಸುಗಂಧಾ ಕೇಳಿದಳು.

ಪುಂಡಲೀಕ ನನ್ನ ಮುಖ ನೋಡಿದ. (ನನ್ನ ಕರಡಿನಲ್ಲೂ ಎರಡೇ ಎಸಳಿದ್ದವು.)

"ಮೂರು ಹಚ್ಚೂ ಪದ್ಧತಿ ಇಲ್ಲ ಅಕ್ಕಾ," ಅಂದ ಗುನಗ.

"ಕೇಳದೇ ಇದ್ದದ್ದಕ್ಕೆ ದೇವ್ರು ಹೆಂಗೆ ಉತ್ತರ ಕೊಡೂದು? ಹಚ್ಚಿ."

"ಸುಗಂಧಾ, ದೇವರ ಎದುರಿಗೆ ಹಟ ಮಾಡೂಕಾಗ," ಪುಂಡಲೀಕ ಮೆಲ್ಲಗೆ ಅಂದ.

"ಮನೇಲಿ ಮಾಡಿದ್ರೆ ಕೇಳ್ತಿದ್ರಾ?"

ರಕ್ಷಿತಾಗೆ ನಗು ಬಂತು. ಗುನಗ ಗಂಡನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ಇನ್ನೊಂದು ಎಸಳನ್ನು ನೀರಿಗೆ ಅದ್ದಿ ನಟ್ಟನಡುವೆ ಹಚ್ಚಿದ.

ಕಾದೆವು. ದೀಪ ಅಲುಗಿತು. ಎಸಳು ಅಲುಗಲಿಲ್ಲ.

೫
ಸುಗಂಧಾ ಕೈಮುಗಿದು ಕೀಲಿ ತಗೊಂಡಳು.

"ಪ್ರಸಾದ ಆಗೂದ್ರೊಳಗೆ ಎಲ್ಲಿಗೆ ಹೊರಟೆ?" ಪುಂಡಲೀಕ ಕೇಳಿದ.

"ಶೆಟಗೇರಿ ತಿರುವಲ್ಲಿ ಹೊನ್ನಮ್ಮ ನಿಂತಿರ್ತಾಳೆ. ಹರಿವೆ ಬಾಡ್ತದೆ."

"ನಿಂದು ಬೀಳದಿದ್ರೆ?"

"ಬರೂ ಭಾನುವಾರ ಮತ್ತೆ ಕೇಳ್ತೆ. ಅವತ್ತೂ ಬೀಳದಿದ್ರೆ ಅದರ ಮುಂದಿನ ಭಾನುವಾರ." ಆಮೇಲೆ ನನ್ನ ಕಡೆ ತಿರುಗಿದಳು. "ಬರೆಯೋರೆ, ನೀವು ಬನ್ನಿ. ಹಿಂದಿನ ಬಾಗಿಲ ಚಿಲಕ ನಿಲ್ಲೂದಿಲ್ಲ. ಹಿಡ್ಕಳೂಕೆ ಜನ ಬೇಕು."

೬
ಯಾವ ಎಸಳು ಬಿತ್ತು ಎಂದು ಕೇಳುತ್ತೀರಿ. ದೊಡ್ಡದು ಎಂದರೆ ಪುಂಡಲೀಕನಿಗೆ ಖುಷಿ, ಸಣ್ಣದು ಎಂದರೆ ರಕ್ಷಿತಾಗೆ, ನಡುವಿನದು ಎಂದರೆ ನಿಮಗೆ. ಬೀಳುವ ಹೊತ್ತಿಗೆ ನಾನು ಅಲ್ಲಿ ಇರಲಿಲ್ಲ. ಬೆನ್ನಿಗೆ ಗೆಣಸಿನ ಚೀಲ ಒತ್ತುತ್ತಿದೆ, ಕಾಲಡಿ ತಗಡು ಗಡಗಡ ಅನ್ನುತ್ತಿದೆ, ಹೊನ್ನಮ್ಮ ನನ್ನ ಮಡಿಲಲ್ಲಿ ಬಸಳೆ ಕಟ್ಟು ಇಟ್ಟಿದ್ದಾಳೆ. ಪೆನ್ನು ಕಿಸೆಯಲ್ಲಿದೆ. ಅದನ್ನು ತೆಗೆಯಬೇಕೆಂದರೆ ಬಾಗಿಲು ಬಿಡಬೇಕು.

ಬಿಡುವುದಿಲ್ಲ.