ಮುಂದೊಂದು ನಂಬರು, ಹಿಂದೊಂದು ನಂಬರು

ಸೂರ್ಯನಾರಾಯಣರ ರೈಲು ಹೈದರಾಬಾದಿನ ಕಾಚಿಗುಡ ನಿಲ್ದಾಣಕ್ಕೆ ಬರುವಷ್ಟರಲ್ಲಿ ಕಾರಿನ ನಂಬರ್ ಪ್ಲೇಟು ಬದಲಾಗಲೇಬೇಕಿತ್ತು. ಅವರ ಮಗಳು ಪೂರ್ವಿ ಕುಷಾಯಿಗೂಡದಲ್ಲಿ, ತನ್ನ ಗೆಳೆಯ ತರುಣನ ಮನೆಯ ಮುಂದೆ, ಸ್ಕ್ರೂಡ್ರೈವರ್ ಹಿಡಿದು ಕಾರಿನ ಮೂತಿಯೆದುರು ಕುಕ್ಕರಗಾಲಲ್ಲಿ ಕೂತಿದ್ದಳು. ಹಿಂಬದಿಯ ಪ್ಲೇಟು ತರುಣನ ಪಾಲಿಗೆ ಬಂದಿತ್ತು. ಹೈದರಾಬಾದು ಆಗಿನ್ನೂ ಆಂಧ್ರದಲ್ಲೇ ಇತ್ತು. ಆಂಧ್ರದ ಹೊಸ ನಂಬರು ಹಾಕಿಸಿ ಇನ್ನೂ ವಾರವಾಗಿರಲಿಲ್ಲ, ಪ್ಲೇಟಿನ ಬಣ್ಣದ ವಾಸನೆಯೂ ಹೋಗಿರಲಿಲ್ಲ. ಈಗ ಅದನ್ನು ಬಿಚ್ಚಿ ಮೈಸೂರಿನ ಹಳೆಯ ಪ್ಲೇಟು ಹಾಕಬೇಕು. ಸಂಜೆ ಅಪ್ಪನನ್ನು ರೈಲು ಹತ್ತಿಸಿ ಬಂದು ಮತ್ತೆ ಇದನ್ನು ಬಿಚ್ಚಿ ಅದನ್ನು ಹಾಕಬೇಕು. ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದೇ ಕಷ್ಟ.

ಆ ನೀಲಿ ಕಾರು ಮೊದಲು ಅಪ್ಪನದ್ದು. ಎರಡು ವರ್ಷದ ಹಿಂದೆ ಪೂರ್ವಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಾಗ ಅವರು ಅದನ್ನು ಅವಳ ಹೆಸರಿಗೆ ಮಾಡಿಕೊಟ್ಟು, "ನಂಬರು ಮಾತ್ರ ಬದಲಾಯಿಸಬೇಡಮ್ಮ. ಅದಿರೋ ತನಕ ನೀನು ಮೈಸೂರಿಗೆ ವಾಪಸ್ಸು ಬರ್ತೀಯ ಅಂತ ನನಗೊಂದು ಧೈರ್ಯ" ಎಂದಿದ್ದರು. ಪೂರ್ವಿಯೂ ಹೂಂ ಎಂದಿದ್ದಳು. ಆದರೆ ಹೈಟೆಕ್ ಸಿಟಿಯ ಕಡೆ ದಿನಬೆಳಗಾದರೆ ಒಂದು ಹೊಸ ಕಟ್ಟಡ ಏಳುತ್ತಿತ್ತು, ಆಫೀಸಿನಲ್ಲಿ ಹೊಸಬರಿಗೆ ಕುರ್ಚಿ ಸಾಲುತ್ತಿರಲಿಲ್ಲ, ಇಪ್ಪತ್ತಾರರ ಹುಡುಗಿಯ ಕೈಗೆ ಇಡೀ ಒಂದು ತಂಡವನ್ನು ಕೊಟ್ಟಿದ್ದರು. ಅವಳಿಗೆ ಈ ಊರಿನ ಹುಚ್ಚು ಹಿಡಿದಿತ್ತು. ಆಮೇಲೆ ತರುಣ ಸಿಕ್ಕ, ಹುಚ್ಚು ಇಮ್ಮಡಿಸಿತು.

ತರುಣನ ಅಪ್ಪ ಸೇಡಂ ಕಡೆಯಿಂದ ಬಂದು ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದವರು. ಮನೆಯೊಳಗೆ ಕನ್ನಡ, ಗೇಟಿನಾಚೆ ತೆಲುಗು, ಸಿಟ್ಟು ಬಂದರೆ ಹಿಂದಿ. ಈ ಹುಡುಗನನ್ನು ನೋಡಲೆಂದೇ ಸೂರ್ಯನಾರಾಯಣರು ಇವತ್ತು ಬರುತ್ತಿದ್ದರು. ಅವರದ್ದು ಒಂದೇ ಷರತ್ತು: ಮದುವೆಯಾದ ಮೇಲೆ ಇಬ್ಬರೂ ಮೈಸೂರಿಗೆ ಬರಬೇಕು. "ನಂಬರು ಹಾಗೇ ಇದೆ ತಾನೆ?" ಎಂದು ಮೊನ್ನೆ ಫೋನಿನಲ್ಲಿ ಕೇಳಿದಾಗ ಪೂರ್ವಿ, ಹೊಸ ಪ್ಲೇಟನ್ನು ಕಣ್ಣೆದುರಿಗೇ ಇಟ್ಟುಕೊಂಡು, "ಇದೆಯಪ್ಪ" ಎಂದುಬಿಟ್ಟಿದ್ದಳು. ಅಪ್ಪ ಒಪ್ಪದ ಮದುವೆಯನ್ನು ಆಗುವ ಧೈರ್ಯ ಅವಳಿಗಿರಲಿಲ್ಲ. ತರುಣನನ್ನು ಬಿಡುವ ಧೈರ್ಯವಂತೂ ಇರಲೇ ಇಲ್ಲ.

ಮುಂದಿನ ಪ್ಲೇಟಿನ ಕೊನೆಯ ಸ್ಕ್ರೂ ಬಿಗಿ ಮಾಡುವಾಗ ಫೋನು ಬಡಿದುಕೊಂಡಿತು.

"ರೈಲು ಟೈಮಿಗಿಂತ ಮುಂಚೆ ಬಂದುಬಿಟ್ಟಿದೆಯಮ್ಮ! ಕಲಿಗಾಲ ಕಣಮ್ಮ ಇದು! ಹೊರಗೆ ನಿಂತಿರ್ತೀನಿ."

ಪೂರ್ವಿ ಫೋನಿಟ್ಟು ಕೂಗಿದಳು. "ತರುಣ, ಬೇಗ! ಅಪ್ಪ ಬಂದಾಯ್ತು!"

"ಆಕ್ಕೈತಿ, ಆಕ್ಕೈತಿ! ಹಾಕಾಕತ್ತೀನಿ!" ಎಂದು ತರುಣ ಪಕ್ಕದಲ್ಲಿ ಬಿದ್ದಿದ್ದ ಪ್ಲೇಟನ್ನು ಎತ್ತಿ, ತಿರುಪಿ ತಿರುಪಿ ಕೂರಿಸಿದ. ಅವನಮ್ಮ ಶಿವದೇವಿ ಬಾಗಿಲಲ್ಲಿ ನಿಂತು, "ಹಿರ್ಯಾರ ಮುಂದ ಹಿಂಗ ನಾಟಕ ಮಾಡಬಾರದವ್ವ, ಇದು ಭಾಳ ತಪ್ಪು" ಎಂದು ಬೈದರು. ಕೇಳುವ ಕಿವಿ ಅಲ್ಲಿರಲಿಲ್ಲ. ಉಳಿದ ಪ್ಲೇಟುಗಳನ್ನು ತೆಲುಗು ಪೇಪರಿನಲ್ಲಿ ಸುತ್ತಿ ಮುಂದಿನ ಸೀಟಿನಡಿಗೆ ತುರುಕಿ, ಪೂರ್ವಿ ಕಾರು ಹೊರಡಿಸಿದಳು.

ಕಾಚಿಗುಡದಲ್ಲಿ ಸೂರ್ಯನಾರಾಯಣರು ಮಗಳನ್ನು ನೋಡುವ ಮೊದಲು ಕಾರಿನ ಮುಂದಿನ ಪ್ಲೇಟು ನೋಡಿದರು. ಮುಖ ಅರಳಿತು. ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದರು. ಅದರೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಮೈಸೂರು ಮಲ್ಲಿಗೆ. ಆಯುಧಪೂಜೆಯಲ್ಲಿ ಕಟ್ಟುತ್ತಿದ್ದ ಹಾಗೆಯೇ ಪ್ಲೇಟಿನ ಎರಡು ಮೂಲೆಗೂ ಹೂವು ಕಟ್ಟಿ, ಕಣ್ಣಿಗೊತ್ತಿಕೊಂಡರು. ಪೂರ್ವಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು.

ಸೂಟ್‌ಕೇಸನ್ನು ಡಿಕ್ಕಿಗೆ ಇಡಲು ಹೋದ ತರುಣ ಸುಣ್ಣ ಬಳಿದ ಮುಖ ಹೊತ್ತು ಬಂದ. ಅವಳ ಕಿವಿಯ ಹತ್ತಿರ ಬಗ್ಗಿ, "ಹಿಂದ ಆಂಧ್ರನೇ ಐತಿ" ಎಂದ.

"ಏನು?"

"ಎರಡೂ ಪ್ಲೇಟಿನಾಗೂ ಸೊನ್ನೆ ಒಂಬತ್ತು ಐತಲ್ಲ. ಗಡಿಬಿಡ್ಯಾಗ ಬಿಚ್ಚಿದ್ದನ್ನೇ ತಿರುಗಿ ಹಾಕೇನಿ."

ಅಷ್ಟರಲ್ಲಿ ಸೂರ್ಯನಾರಾಯಣರು ಕುಂಕುಮದ ಡಬ್ಬಿ ತೆಗೆದು, "ಹಿಂದಕ್ಕೂ ಒಂದು ಬೊಟ್ಟಿಟ್ಟು ಬರ್ತೀನಿ" ಎಂದು ಹೊರಟಿದ್ದರು.

"ಬೇಡಪ್ಪ! ಇಲ್ಲಿ ಗಾಡಿ ನಿಲ್ಲಿಸಿದ್ರೆ ಪೊಲೀಸರು ಹಿಡೀತಾರೆ, ಹತ್ತಿ!" ಪೂರ್ವಿ ಹೆಚ್ಚುಕಮ್ಮಿ ದಬ್ಬಿಯೇ ಕೂರಿಸಿದಳು. ಅವಳ ಬಾಯಿಹರಕೆ ಫಲಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ತಾರ್ನಾಕ ಚೌಕದಲ್ಲಿ ಒಬ್ಬ ಕಾನ್‌ಸ್ಟೆಬಲ್ ನಿಂತಿದ್ದ. ಹೊರರಾಜ್ಯದ ನಂಬರು ಕಂಡರೆ ಕೈ ತನ್ನಷ್ಟಕ್ಕೆ ಮೇಲೇಳುತ್ತದೆ, ಇವನದೂ ಎದ್ದಿತು. ಮಲ್ಲಿಗೆಯ ಅಲಂಕಾರ ನೋಡಿ ನಕ್ಕ. ನಗುನಗುತ್ತಲೇ ಕಾರನ್ನು ಒಂದು ಸುತ್ತು ಹಾಕಿದ. ಹಿಂದೆ ಹೋದವನ ನಗು ನಿಂತುಹೋಯಿತು.

"ಅರೇ! ಕ್ಯಾ ಅಮ್ಮಾ, ಆಗೇ ಏಕ್ ನಂಬರ್, ಪೀಛೇ ಏಕ್ ನಂಬರ್?"

ಸೂರ್ಯನಾರಾಯಣರಿಗೆ ಅಷ್ಟು ಹಿಂದಿ ಬರುತ್ತಿತ್ತು. ಅವರು ಇಳಿದರು, ಹಿಂದೆ ಹೋದರು, ನೋಡಿದರು. ಮತ್ತೆ ಮುಂದೆ ಬಂದು ತಾವೇ ಕಟ್ಟಿದ ಹೂವನ್ನು ನೋಡಿದರು. ಪೂರ್ವಿ ಇಳಿದು ಬಂದು ಎದುರಿಗೆ ನಿಂತಳು.

"ಮುಂದೆ ಮೈಸೂರು, ಹಿಂದೆ ಹೈದರಾಬಾದು" ಎಂದರು ಅವರು ಮೆಲ್ಲಗೆ. "ಹಾಗಾದ್ರೆ ಈ ಕಾರು ಹೋಗೋದೆಲ್ಲಿಗಮ್ಮ?"

ತರುಣ ಬಾಯಿ ತೆರೆದ, "ತಪ್ಪು ನಂದರೀ, ನಾನೇ..." ಪೂರ್ವಿ ಅವನನ್ನು ತಡೆದಳು. ಇನ್ನೊಂದು ಸುಳ್ಳಿಗೆ ಅವಳಲ್ಲಿ ಜಾಗವಿರಲಿಲ್ಲ.

"ಎಲ್ಲಿಗೂ ಹೋಗಲ್ಲಪ್ಪ. ಇಲ್ಲೇ ಇರುತ್ತೆ. ನಾನೂ ಇಲ್ಲೇ ಇರ್ತೀನಿ. ನಂಬರು ಬದಲಾಯಿಸಿದ್ದು ನಾನೇ, ಅದೂ ಖುಷಿಯಿಂದ. ನಿಮಗೆ ಹೇಳೋಕೆ ಹೆದರಿದೆ. ನೀವು ಬೇಡ ಅಂದುಬಿಟ್ರೆ ಅಂತ."

ಸೂರ್ಯನಾರಾಯಣರು ಬಗ್ಗಿ ಮಲ್ಲಿಗೆಯ ಗಂಟು ಬಿಚ್ಚತೊಡಗಿದರು. ಮುಗಿಯಿತು, ಹೂವನ್ನೂ ವಾಪಸ್ಸು ತೆಗೆದುಕೊಂಡು ಇದೇ ಕಾಲಲ್ಲಿ ರೈಲಿಗೆ ಹೋಗುತ್ತಾರೆ ಎಂದುಕೊಂಡಳು ಪೂರ್ವಿ. ಕಣ್ಣು ತುಂಬಿ ಬಂತು. ಹಿಂದೆ ನಿಂತ ಆಟೋದವನು ಹಾರನ್ ಒತ್ತಿದ್ದೇ ಒತ್ತಿದ್ದು.

"ಸ್ಕ್ರೂಡ್ರೈವರ್ ಇದೆಯೇನಪ್ಪ?" ಎಂದು ಅವರು ತರುಣನನ್ನು ಕೇಳಿದರು. "ಮೊದಲ ಸಲ ಇದನ್ನ ಹಾಕಿದವನು ನಾನು. ಬಿಚ್ಚೋದೂ ನಾನೇ."

ಬಿಚ್ಚಿದರು. ಒಂದು ಸ್ಕ್ರೂ ಕೈಜಾರಿ ಉರುಳಿ ಕಾನ್‌ಸ್ಟೆಬಲ್ಲನ ಬೂಟಿನ ಹತ್ತಿರ ಹೋಯಿತು. ಅವನೇ ಹೆಕ್ಕಿಕೊಟ್ಟ. "ಜಲ್ದಿ ಕರೋ ಸಾಬ್, ಟ್ರಾಫಿಕ್ ಜಾಮ್ ಆಗ್ತದೆ" ಎಂದು ತನಗೆ ಗೊತ್ತಿದ್ದಷ್ಟು ಕನ್ನಡವನ್ನು ಸೇರಿಸಿದ.

"ಹೊಸದೆಲ್ಲಿ?"

"ನಿಮ್ಮ ಸೀಟಿನ ಕೆಳಗೇ ಐತ್ರಿ" ಎಂದ ತರುಣ.

"ಅಲ್ಲಯ್ಯ, ಇಷ್ಟು ಹೊತ್ತು ಅದರ ಮೇಲೇ ಕೂತು ಬಂದೆನಾ!" ಸೂರ್ಯನಾರಾಯಣರಿಗೆ ನಗು ತಡೆಯಲಾಗಲಿಲ್ಲ. ಆ ನಗು ಕೇಳಿದ್ದೇ ಪೂರ್ವಿಗೆ ಅಳು ಜೋರಾಗಿ ಬಂತು.

ತರುಣ ಹೊಸ ಪ್ಲೇಟು ಹಿಡಿದ, ಅವರು ತಿರುಪು ಬಿಗಿದರು. ಆಮೇಲೆ ಬಾನೆಟ್ಟಿನ ಮೇಲಿಟ್ಟಿದ್ದ ಮಲ್ಲಿಗೆಯನ್ನು ತೆಗೆದು, ಆಂಧ್ರದ ನಂಬರಿನ ಎರಡು ಮೂಲೆಗೂ ಕಟ್ಟಿದರು. ಹಳೆಯ ಪ್ಲೇಟನ್ನು ಪಂಚೆಯ ಅಂಚಿನಲ್ಲಿ ಒರೆಸಿ ಕಂಕುಳಲ್ಲಿ ಇಟ್ಟುಕೊಂಡರು.

"ಇದು ನನ್ನ ಜೊತೆ ಮೈಸೂರಿಗೆ ಬರಲಿ. ಒಬ್ಬರಾದರೂ ವಾಪಸ್ಸು ಬರ್ತೀನಿ ಅಂದ ಮಾತು ಉಳಿಸಿಕೊಳ್ಳಲಿ" ಎಂದು ಮಗಳ ತಲೆಗೆ ಮೆಲ್ಲಗೆ ಮೊಟಕಿದರು. ಆಮೇಲೆ ಸ್ಕ್ರೂಡ್ರೈವರನ್ನು ತರುಣನ ಕೈಗೆ ಕೊಟ್ಟು ಕೇಳಿದರು:

"ಮದುವೆ ದಿನ ನಿಮ್ಮಿಬ್ಬರ ಹೆಸರಿನ ಬೋರ್ಡು ಈ ಹೊಸ ನಂಬರಿನ ಮೇಲೇ ಕೂರಬೇಕಲ್ಲಪ್ಪ. ಈ ಸ್ಕ್ರೂಗಳು ತಡೀತಾವಾ?"